ಚಿಕ್ಕಮ್ಮನ ಮಂಡಿ ಮತ್ತು ಒಂದು ಲೆಕ್ಕ

ಡೊಂಬಿವಲಿ, ಭಾನುವಾರ

ಪ್ರೀತಿಯ ಗೆಳೆಯ,

ನಿನ್ನ ಕಾಗದ ಬಂತು. "ಮನುಷ್ಯರ ಜೀವಕ್ಕೆ ರೇಟು ಕಟ್ಟುವ ಕೆಲಸ ಹಿಡಿದೆಯಲ್ಲ ಮಾರಾಯ" ಎಂದು ಬರೆದಿದ್ದೀಯ. ಎರಡು ದಿನ ಪರೇಲ್‌ಗೆ ಹೋಗಿ ಬರುವ ಲೋಕಲ್‌ನಲ್ಲಿ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಯಾವ ಚಿಕಿತ್ಸೆಗೆ ಹಾಕಿದ ದುಡ್ಡಿಗೆ ಎಷ್ಟು ಆರೋಗ್ಯ ಸಿಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಉತ್ತರ ಚಿಕ್ಕಮ್ಮನ ಅಡುಗೆಮನೆಯಿಂದ ಶುರು ಮಾಡುತ್ತೇನೆ.

ಮಂಡಿ ಆಪರೇಷನ್‌ಗೆ ಮೊದಲು ಅವರು ಗ್ಯಾಸ್ ಕಟ್ಟೆ ಹಿಡಿದುಕೊಂಡೇ ದೋಸೆ ಹುಯ್ಯುತ್ತಿದ್ದರು. ಒಂದು ಸಂಜೆ ನಮ್ಮ ಕೆಲಸದ ಫಾರಂ ಹಿಡಿದು ಎದುರು ಕೂತೆ. ಇಕ್ಯೂ-5ಡಿ ಅಂತ ಅದರ ಹೆಸರು. ಕೇಳುವುದು ಐದೇ ವಿಷಯ: ಓಡಾಟ, ಸ್ನಾನ-ಬಟ್ಟೆ, ದಿನದ ಕೆಲಸ, ನೋವು, ಆತಂಕ. ನೋವಿನ ಪ್ರಶ್ನೆಗೆ "ಅದು ಇದ್ದದ್ದೇ" ಎಂದರು. ಆತಂಕ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ರಾತ್ರಿ ಬಾತ್‌ರೂಮಿಗೆ ಎದ್ದರೆ ಎಲ್ಲಿ ಬೀಳ್ತೇನೋ ಅಂತ ಸಂಜೆ ಮೇಲೆ ನೀರೇ ಕುಡಿಯುವುದಿಲ್ಲ" ಎಂದರು. ಒಂದೇ ಮನೆಯಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ. ಅವರ ಆಸ್ಪತ್ರೆ ಫೈಲಿನಲ್ಲೂ ಇರಲಿಲ್ಲ.

ನಮ್ಮ ಲೆಕ್ಕಕ್ಕೆ ಬೇಕಾದದ್ದು ಇದೇ. ಇಂಥ ಉತ್ತರಗಳಿಂದ ಆ ಸ್ಥಿತಿಗೆ ಒಂದು ಅಂಕ ಕೊಡುತ್ತೇವೆ. ಪೂರ್ತಿ ಆರೋಗ್ಯದ ಒಂದು ವರ್ಷಕ್ಕೆ 1, ಸಾವಿಗೆ 0. ಉಳಿದ ಸ್ಥಿತಿಗಳಿಗೆ ಹೆಚ್ಚಾಗಿ ಇವೆರಡರ ನಡುವಿನ ಅಂಕ. ಬದುಕುವ ವರ್ಷಗಳನ್ನು ಆ ಅಂಕದಿಂದ ಗುಣಿಸಿದರೆ ಬರುವುದನ್ನು ಕ್ವಾಲಿ ಅನ್ನುತ್ತೇವೆ. ಖರ್ಚನ್ನು ಅದಕ್ಕೆ ಹೋಲಿಸಿ ನೋಡುವುದೇ ಕಾಸ್ಟ್-ಯುಟಿಲಿಟಿ ಲೆಕ್ಕ.

ಮಂಡಿ ಆಪರೇಷನ್‌ನಿಂದ ಆಯುಸ್ಸು ಒಂದು ದಿನವೂ ಹೆಚ್ಚಲಿಲ್ಲ ಅಂತಲೇ ಇಟ್ಟುಕೋ. ಬರೀ ವರ್ಷ ಎಣಿಸಿದರೆ ಲಾಭ ಸೊನ್ನೆ. ಆದರೆ ಅಂಕ 0.5ರಿಂದ 0.8ಕ್ಕೆ ಏರಿ ಹತ್ತು ವರ್ಷ ಹಾಗೇ ನಿಂತರೆ 3 ಕ್ವಾಲಿ. ಖರ್ಚು 2.1 ಲಕ್ಷವಾದರೆ ಒಂದಕ್ಕೆ 70 ಸಾವಿರ. ಇನ್ನೊಂದು ಕಡೆ 6 ಲಕ್ಷದ ಒಂದು ಔಷಧಿ, 0.5ರ ಸ್ಥಿತಿಯಲ್ಲಿ ಆರು ತಿಂಗಳು ಹೆಚ್ಚು ಬದುಕಿಸುತ್ತದೆ. ಅದು ಕಾಲು ಕ್ವಾಲಿ, ಅಂದರೆ ಒಂದಕ್ಕೆ 24 ಲಕ್ಷ. ಇವು ನಾನು ಉದಾಹರಣೆಗೆ ಹಾಕಿದ ಅಂಕಿಗಳು. ಆದರೆ ಸರ್ಕಾರದ ಹತ್ತಿರ ಇರುವುದು ಒಂದೇ ಗಂಟು ಅಲ್ವಾ? ಒಂದು ಕಡೆ ಕೊಟ್ಟದ್ದು ಇನ್ನೊಂದು ಕಡೆ ಕಡಿಮೆ ಬೀಳುತ್ತದೆ. ಲೆಕ್ಕ ಹಾಕದಿದ್ದರೂ ಯಾರಿಗೋ ಸಿಗುವುದಿಲ್ಲ. ಯಾರಿಗೆ ಎಂದು ನಮಗೆ ಕಾಣುವುದಿಲ್ಲ, ಅಷ್ಟೇ.

ಯಾವ ಚಿಕಿತ್ಸೆಗೆ ಸರ್ಕಾರದ ದುಡ್ಡು ಹಾಕಬಹುದು ಎಂದು ಹೇಳಲು ಬ್ರಿಟನ್‌ನಲ್ಲಿ 1999ರಲ್ಲಿ ಶುರುವಾದ ನೈಸ್ ಸಂಸ್ಥೆ ಬಹಳ ಕಾಲ ಒಂದು ಕ್ವಾಲಿಗೆ 20ರಿಂದ 30 ಸಾವಿರ ಪೌಂಡ್ ಎಂಬ ಮಿತಿ ಇಟ್ಟುಕೊಂಡಿತ್ತು. ನಮ್ಮಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯ ಕೆಳಗೆ ಇಂಥದ್ದೇ ಲೆಕ್ಕ ನೋಡುವ ಎಚ್‌ಟಿಎಐಎನ್ ಎಂಬ ವ್ಯವಸ್ಥೆ ಇದೆ. ಅದು ಮೊದಮೊದಲು ಕೈಗೆತ್ತಿಕೊಂಡ ವಿಷಯಗಳಲ್ಲಿ ಕಣ್ಣಿನ ಪೊರೆಗೆ ಹಾಕುವ ಲೆನ್ಸ್ ಒಂದು. ಪೊರೆ ಯಾರನ್ನೂ ಕೊಲ್ಲುವುದಿಲ್ಲ, ಬದುಕನ್ನು ಮಾತ್ರ ಕತ್ತಲೆ ಮಾಡುತ್ತದೆ. ಮತ್ತೆ, ಒಂದು ಕ್ವಾಲಿಯ ಖರ್ಚು ಜಾಸ್ತಿ ಬಂತು ಅಂದ ಕೂಡಲೇ ಚಿಕಿತ್ಸೆ ಬೇಡ ಅನ್ನಬೇಕಾಗಿಲ್ಲ, ಬೆಲೆ ಇಳಿಸಿ ಅನ್ನಬಹುದು. ಮಂಡಿಗೆ ಹಾಕುವ ಇಂಪ್ಲಾಂಟ್‌ಗೆ 2017ರ ಆಗಸ್ಟ್‌ನಲ್ಲಿ ಸರ್ಕಾರ ಬೆಲೆ ಮಿತಿ ಹಾಕಿತಲ್ಲ, ಅಂಥದ್ದರಿಂದ ಲೆಕ್ಕವೇ ಬದಲಾಗುತ್ತದೆ.

ನಿನ್ನ ಒಂದು ಮಾತು ಮಾತ್ರ ನನಗೂ ಚುಚ್ಚುತ್ತದೆ. ಎಂಬತ್ತರ ಅಜ್ಜನಿಗೆ ಉಳಿದ ವರ್ಷ ಕಡಿಮೆ, ಹಾಗಾಗಿ ಅವರ ಕ್ವಾಲಿಯೂ ಕಡಿಮೆ. ಹುಟ್ಟಿನಿಂದ ನಡೆಯಲಾಗದವರನ್ನು ಬದುಕಿಸಿದರೆ ಸಿಗುವ ಅಂಕವೂ ಕಡಿಮೆ. ಇದು ಸರಿಯಲ್ಲ. ಅಮೆರಿಕದ 2010ರ ಆರೋಗ್ಯ ಕಾಯ್ದೆ, ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಇಂಥ ಕ್ವಾಲಿ ಮಿತಿ ಬಳಸಬಾರದು ಎಂದಿದ್ದಕ್ಕೂ ಈ ಭಯ ಒಂದು ಕಾರಣ. ನಾನು ಈ ಲೆಕ್ಕವನ್ನು ಮೇಜಿನ ಮೇಲೆ ಇಡುತ್ತೇನೆ, ಆದರೆ ಅದೊಂದನ್ನೇ ನೋಡಿ ತೀರ್ಮಾನ ಮಾಡಿ ಎಂದು ಎಂದೂ ಹೇಳಲಾರೆ.

ಚಿಕ್ಕಮ್ಮ ಈಗ ರಾತ್ರಿ ಊಟದ ಜೊತೆ ಲೋಟ ತುಂಬ ನೀರು ಕುಡಿಯುತ್ತಾರೆ.

ನಿನ್ನ ಅಮ್ಮನಿಗೂ ಕಾಲುನೋವು ಅಂದಿದ್ದೆ. ಆ ಐದು ವಿಷಯ ಅವರನ್ನು ಕೇಳು. ಅವಸರ ಮಾಡಬೇಡ, ಐದನೆಯದಕ್ಕೆ ಸ್ವಲ್ಪ ಕಾಯಿ. ಏನಂದರು ಎಂದು ಬರೆ.

ಇತಿ ನಿನ್ನ,
ಗೆಳೆಯ