ಮೂರು ಸಲ ‘ಬಗೆಹರಿದ’ ದೂರು, ಇನ್ನೂ ತೆವಳುತ್ತಿರುವ ಬ್ರಾಡ್‌ಬ್ಯಾಂಡ್

ಶಿರಸಿ
ಜೂನ್ 27

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಮನೆಯ ಫೈಬರ್ ಇಂಟರ್ನೆಟ್ ನಿಧಾನವಾಗಿರುವುದು, ನೋಡದೆಯೇ ದೂರು ಮುಚ್ಚಿರುವುದು

ಮಾನ್ಯರೇ,

ಜೂನ್ 2ರಿಂದ ನಮ್ಮ ಮನೆಯ ನೆಟ್ ತೆವಳುತ್ತಿದೆ. ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂಬ ಮೆಸೇಜ್ ಬಂತು. ಮೂರನೆಯದು ಬಂದಾಗ ನಮ್ಮಲ್ಲಿ ನೆಟ್ ಪೂರ್ತಿ ಹೋಗಿತ್ತು. ದೂರಿನ ಸಂಖ್ಯೆಗಳನ್ನು ಜೊತೆಗೆ ಲಗತ್ತಿಸಿದ್ದೇನೆ.

ನಮ್ಮದು 100 ಎಂಬಿಪಿಎಸ್ ವೇಗದ ಪ್ಲಾನ್. ತಿಂಗಳಿಗೆ 799 ರೂಪಾಯಿ, 18% ಜಿಎಸ್‌ಟಿ ಸೇರಿ ಹೆಚ್ಚುಕಡಿಮೆ 943. ಸಿಗುತ್ತಿರುವ ವೇಗ 4ರಿಂದ 6 ಎಂಬಿಪಿಎಸ್. ನಾನು ಮನೆಯಲ್ಲೇ ಡಿಟಿಪಿ ಕೆಲಸ ಮಾಡುವವಳು. ಪುಟ ಕಟ್ಟಿ ಹುಬ್ಬಳ್ಳಿಯ ಪ್ರೆಸ್ಸಿಗೆ ಕಳಿಸಬೇಕು. ಹೋದ ವಾರ 300 ಎಂಬಿಯ ಫೈಲು 87%ಕ್ಕೆ ಬಂದು ನಿಂತುಬಿಟ್ಟಿತು. ಎರಡನೇ ಸಲ ಹಾಕಿದರೂ ಅದೇ ಕಥೆ. ಕೊನೆಗೆ ಪೆನ್‌ಡ್ರೈವಿಗೆ ಹಾಕಿ, ಹುಬ್ಬಳ್ಳಿಗೆ ಹೊರಟಿದ್ದ ಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟೆ. ಬಸ್ಸು ನಿಮ್ಮ ಫೈಬರ್‌ಗಿಂತ ಬೇಗ ಮುಟ್ಟಿತು.

ಕಸ್ಟಮರ್ ಕೇರ್‌ನವರು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಕಪಾಟಿನ ಹಿಂದಿನಿಂದ ತೆಗೆದು ಹಜಾರದ ಮಧ್ಯೆ ಇಟ್ಟೆ. ವೈಫೈ ಪಾಸ್‌ವರ್ಡ್ ಬದಲಿಸಿದೆ, 2.4 ಬಿಟ್ಟು 5 ಗಿಗಾಹರ್ಟ್ಸ್‌ಗೂ ಹಾಕಿ ನೋಡಿದೆ. ಆಮೇಲೆ ವೈಫೈ ಗೊಡವೆಯೇ ಬೇಡವೆಂದು, ಮನೆಯವರ ಫೋನುಗಳನ್ನೆಲ್ಲ ಆಫ್ ಮಾಡಿಸಿ, ಲ್ಯಾಪ್‌ಟಾಪಿಗೆ ನೇರ ಲ್ಯಾನ್ ಕೇಬಲ್ ಹಾಕಿದೆ. ಬೆಳಿಗ್ಗೆ 5 ಗಂಟೆಗೆ, ಊರೇ ಮಲಗಿರುವಾಗ, 5.2 ಎಂಬಿಪಿಎಸ್ ಬಂತು. ಲೈನ್ ಪರೀಕ್ಷಿಸುವ ಪುಟ್ಟ ಸಂದೇಶ, ಅಂದರೆ ಪಿಂಗ್, ನೂರು ಕಳಿಸಿದರೆ 11ಕ್ಕೆ ಉತ್ತರ ವಾಪಸ್ ಬರಲಿಲ್ಲ. ಅಂದಮೇಲೆ ತೊಂದರೆ ವೈಫೈಯದ್ದಲ್ಲ, ಸಂಜೆಯ ರಶ್ಶಿನದ್ದೂ ಅಲ್ಲ, ಅಲ್ವಾ?

ಇಷ್ಟಾದ ಮೇಲೆ ನಿಮ್ಮವರು ಕೊಟ್ಟ ಸಲಹೆ, 200 ಎಂಬಿಪಿಎಸ್ ಪ್ಲಾನ್‌ಗೆ ಹೋಗಿ ಎಂದು. ಪೈಪು ಕಟ್ಟಿಕೊಂಡಿದೆ ಅಂದರೆ ದೊಡ್ಡ ಟ್ಯಾಂಕ್ ತಗೊಳ್ಳಿ ಅಂದ ಹಾಗಾಯಿತು.

ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಫೈಬರ್‌ನಿಂದ ಬರುವ ಬೆಳಕಿನ ಅಳತೆ ಕಾಣುತ್ತದೆ. ನಮ್ಮದು ಮೈನಸ್ 28.6 ಡಿಬಿಎಂ (ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ). ಪಕ್ಕದ ಮನೆಯ ಅಕ್ಕನದೂ ನಿಮ್ಮದೇ ಕನೆಕ್ಷನ್, ಅದೇ ಕಂಬದ ಅದೇ ಬಾಕ್ಸಿನಿಂದ ಬಂದದ್ದು. ಅವರಲ್ಲಿ ಮೈನಸ್ 18.6, ಸ್ಪೀಡ್ 94. ಹತ್ತು ಡಿಬಿ ಕಡಿಮೆ ಅಂದರೆ ಅವರಿಗೆ ಬರುವ ಬೆಳಕಿನ ಹತ್ತನೇ ಒಂದು ಪಾಲು ಮಾತ್ರ ನಮಗೆ ಬರುತ್ತಿದೆ. ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ಲೈನ್ ನೆಚ್ಚುವ ಹಾಗಿಲ್ಲ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಆ ಬೆಳಕು ಎಲ್ಲಿ ಸೋರುತ್ತಿದೆ ಎಂಬುದನ್ನೂ ಹೇಳುತ್ತೇನೆ. ಕಂಬದಿಂದ ನಮ್ಮ ಮಾಡಿಗೆ ಬರುವ ವೈರು ಹಲಸಿನ ಮರಕ್ಕೆ ತಾಗಿಕೊಂಡೇ ಬರುತ್ತದೆ. ಜೂನ್ 1ರ ಸಂಜೆ ಮಂಗಗಳ ಹಿಂಡು ಹಣ್ಣಿಗೆ ಬಂದಿತ್ತು. ಹೋಗುವಾಗ ಒಂದು ದಡಿಯ ಮಂಗ ವೈರು ಹಿಡಿದು ಜೋತಾಡಿತು. ನಾನೇ ಕಣ್ಣಾರೆ ನೋಡಿದೆ. ಈಗ ವೈರು ಕೊಂಬೆಯ ಕವಲಿನಲ್ಲಿ ಸಿಕ್ಕಿ, ಕಾಗದ ಮಡಚಿದ ಹಾಗೆ ಚೂಪಾಗಿ ಮಡಚಿಕೊಂಡಿದೆ. ಗಾಳಿ-ಮಳೆಗೆ ಕೊಂಬೆ ಅಲ್ಲಾಡಿದರೆ ರೂಟರಿನಲ್ಲಿ ಸಿಗ್ನಲ್ ಇಲ್ಲ ಎಂದು ತೋರಿಸುವ ಎಲ್‌ಓಎಸ್ ಎಂಬ ಕೆಂಪು ದೀಪ ಮಿನುಗುತ್ತದೆ, ನೆಟ್ ಹೋಗುತ್ತದೆ. ಕೊಂಬೆ ನಿಂತರೆ ಮತ್ತೆ ಬರುತ್ತದೆ. ನಮ್ಮ ಅತ್ತೆಗೂ ಇದು ಅರ್ಥವಾಗಿದೆ. ಗಾಳಿ ಬೀಸಿದರೆ ಸಾಕು, “ನೆಟ್ಟು ಹೋತನೇ?” ಎಂದು ಒಳಗಿನಿಂದಲೇ ಕೇಳುತ್ತಾರೆ.

ಜೂನ್ 14ರಂದು ನಿಮ್ಮ ಕಡೆಯ ಹುಡುಗನೊಬ್ಬ ಬಂದಿದ್ದ. ಬೆಳಕು ಅಳೆಯುವ ಪವರ್ ಮೀಟರ್ ತಂದಿರಲಿಲ್ಲ, ಏಣಿಯೂ ಇರಲಿಲ್ಲ. ಮರ ತೋರಿಸಿದೆ. ಫೋಟೋ ತೆಗೆದುಕೊಂಡು, ‘ಮೇಲೆ ಹೇಳ್ತೇನೆ ಅಕ್ಕಾ’ ಎಂದು ಚಹಾ ಕುಡಿದು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮರುದಿನವೇ ದೂರು ಮುಚ್ಚಿದವರ ಮೇಲೆ ಇದೆ.

ನನಗೆ ಬೇಕಾದದ್ದು ಇಷ್ಟು. ಕಂಬದಿಂದ ಮನೆಯವರೆಗಿನ ವೈರು ಬದಲಿಸಿ, ಮರ ತಪ್ಪಿಸಿ ಎಳೆಯಬೇಕು. ಹೊರಡುವ ಮುಂಚೆ ಮೀಟರ್ ಹಚ್ಚಿ ಅಳತೆ ತೋರಿಸಬೇಕು. ಜೂನ್ 2ರಿಂದ ಸರಿಯಾಗುವ ದಿನದವರೆಗಿನ ಬಾಡಿಗೆಯನ್ನು ಮುಂದಿನ ಬಿಲ್ಲಿನಲ್ಲಿ ಕಳೆಯಬೇಕು. ನಾನು ಒಪ್ಪಿದ ಮೇಲೆಯೇ ದೂರು ಮುಚ್ಚಬೇಕು.

ಒಂದು ವಾರ ಕಾಯುತ್ತೇನೆ. ಆಮೇಲೆ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2012ರ ದೂರು ನಿವಾರಣಾ ನಿಯಮದಂತೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ. ಸ್ಪೀಡ್ ಟೆಸ್ಟ್, ಪಿಂಗ್, ಎರಡೂ ರೂಟರಿನ ಅಳತೆ, ಮಡಚಿದ ವೈರು ಎಲ್ಲದರ ಫೋಟೋ ಇಲ್ಲಿದೆ.

ಬರುವವರು ದಯವಿಟ್ಟು ಏಣಿ ತರಲಿ. ನಮ್ಮ ಮನೆಯದು ಅಟ್ಟ ಹತ್ತುವ ಏಣಿ, ಕಂಬಕ್ಕೆ ಮುಟ್ಟುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕಿ