ಒಂದು ಮನೆ, ಮೂರು ಮೀಟರು

ಪ್ರೀತಿಯ ಗೆಳೆಯ,

ಜನ ಹೆಚ್ಚಿದರು, ಅದಕ್ಕೇ ಕರೆಂಟು ಸಾಲುತ್ತಿಲ್ಲ ಎಂದು ತೀರ್ಪು ಕೊಟ್ಟು ಫೋನು ಇಟ್ಟುಬಿಟ್ಟೆಯಲ್ಲ, ಅದು ಅಷ್ಟು ಸಲೀಸಾದ ಮಾತಲ್ಲ. ನಮ್ಮ ಮನೆಯ ಲೆಕ್ಕವನ್ನೇ ನೋಡು.

ಬೇಸಿಗೆ ರಜೆಗೆ ನೀನು ಬರುತ್ತಿದ್ದಾಗ ನಮ್ಮದು ಹನ್ನೊಂದು ಜನರ ಮನೆ. ಒಂದು ಮೀಟರು, ಐದು ಬಲ್ಬು, ನಡುಮನೆಯಲ್ಲಿ ಗರಗರ ಎನ್ನುವ ಒಂದೇ ಫ್ಯಾನು. ಅದರ ಕೆಳಗೆ ಮಲಗಲು ನಾವಿಬ್ಬರೂ ಜಗಳವಾಡುತ್ತಿದ್ದೆವು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಪಾಲಾದ ಮೇಲೆ ಮೂರು ಮೀಟರು, ಮೂರು ಆರ್‌.ಆರ್‌. ನಂಬರು. ಮೂರೂ ಮನೆಗಳ ತಲೆ ಎಣಿಸಿದರೆ ಈಗ ಒಂಬತ್ತೇ. ಫ್ರಿಜ್ಜು ಮಾತ್ರ ಮೂರು, ಟಿ.ವಿ. ಮೂರು, ಫ್ಯಾನುಗಳನ್ನು ನಾನು ಎಣಿಸಲು ಹೋಗಿಲ್ಲ. ತಮ್ಮನ ಹೆಂಡತಿ ನರಸಾಪುರದ ಕಡೆಯ ಕಾರ್ಖಾನೆಗೆ ಹೋಗತೊಡಗಿದ ವರ್ಷವೇ ಬಟ್ಟೆ ಒಗೆಯುವ ಯಂತ್ರ ಬಂತು. ದಿನವಿಡೀ ನಿಂತು ದುಡಿದು ಬಂದವಳು ಕಲ್ಲಿನ ಮೇಲೆ ಬಟ್ಟೆ ಕುಕ್ಕಬೇಕೆಂದು ಹೇಳುವ ಧೈರ್ಯ ನನಗಂತೂ ಇಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ತೊಟ್ಟಿಲು ಕಡಿಮೆಯಾಗುತ್ತಿದ್ದರೂ ಮೀಟರು ಹೆಚ್ಚುತ್ತಿದೆ. ದೇಶದ್ದನ್ನೂ ಕೇಳು: ಸ್ವಾತಂತ್ರ್ಯ ಬಂದಾಗಿನಿಂದ ಜನ ಸುಮಾರು ನಾಲ್ಕು ಪಟ್ಟಾದರು. ಕಾರ್ಖಾನೆ, ಹೊಲ ಎಲ್ಲವನ್ನೂ ಸೇರಿಸಿದ ತಲಾ ಬಳಕೆ ವರ್ಷಕ್ಕೆ 16 ಯೂನಿಟ್ಟಿನಿಂದ 2023-24ರ ಹೊತ್ತಿಗೆ ಸುಮಾರು 1,400ಕ್ಕೆ ಏರಿತು.

ಇನ್ನು ತೋಟದ ಸುದ್ದಿ. ತಾತ ಹಾಕಿಸಿದ ಬೋರಿನಲ್ಲಿ 280 ಅಡಿಗೆ ಮೋಟಾರು ಇಳಿಸಿದ್ದರು. ಹೋದ ವರ್ಷ ನಾವು ಇಳಿಸಿದ್ದು 1,120 ಅಡಿಗೆ. ಪೈಪು ಇಳಿಸುತ್ತಾ ಇಳಿಸುತ್ತಾ ಮಧ್ಯಾಹ್ನ ಸಂಜೆಯಾಯಿತು. ಅಪ್ಪ ಪ್ರತಿ ಪೈಪಿಗೂ ಒಂದು ಕಲ್ಲು ಎತ್ತಿಟ್ಟು ಲೆಕ್ಕ ಹಿಡಿದಿದ್ದರು. ಅಷ್ಟು ಕೆಳಗಿನಿಂದ ಎತ್ತಬೇಕಾದರೆ ಅದೇ ಒಂದು ಕೊಡ ನೀರಿಗೆ ನಾಲ್ಕು ಪಟ್ಟು ಕರೆಂಟು. ಟೊಮೆಟೊ ಒಂದು ಎಕರೆಯೂ ಹೆಚ್ಚಾಗಿಲ್ಲ! ಹತ್ತು ಎಚ್‌.ಪಿ.ವರೆಗೆ ಬಿಲ್ಲಿಲ್ಲವಾದ್ದರಿಂದ ಮೋಟಾರು ಆರಿಸಬೇಕೆಂದು ಯಾರಿಗೂ ಅನ್ನಿಸುವುದಿಲ್ಲ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ರಾತ್ರಿ ತ್ರೀ ಫೇಸ್ ಬಂದರೆ ಆಟೋ ಸ್ಟಾರ್ಟರ್ ತಾನೇ ಮೋಟಾರನ್ನು ಎಬ್ಬಿಸುತ್ತದೆ, ನಾವು ಮಲಗಿಯೇ ಇರುತ್ತೇವೆ. ರಾಜ್ಯದ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಹೀಗೆ ಪಂಪ್‌ಸೆಟ್ಟುಗಳಿಗೇ ಹೋಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೋಲಾರ ಜಿಲ್ಲೆಗೆ ತಂತಿ ಎಳೆದದ್ದು ಕೆ.ಜಿ.ಎಫ್.ನ ಚಿನ್ನಕ್ಕಾಗಿ. ಈಗ ನೀರಿಗೇ ಗಣಿಯ ಪಾಡು ಬಂದಿದೆ.

ಮೊನ್ನೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಮಕ್ಕಳು ಬೆಂಗಳೂರು ಸೇರಿ ಅಲ್ಲಿ ಈಗ ಇಬ್ಬರೇ. ಮಜ್ಜಿಗೆ ಕೊಡಲು ದೊಡ್ಡಮ್ಮ ಫ್ರಿಜ್ಜು ತೆಗೆದರು: ಒಂದು ಚೊಂಬು ಮಜ್ಜಿಗೆ, ಅರ್ಧ ನಿಂಬೆಹಣ್ಣು, ಬಾಕಿಯೆಲ್ಲ ಖಾಲಿ. ಮಗ ಕೊಡಿಸಿದ್ದು, ಆರಿಸಿದರೆ ಬೇಜಾರು ಮಾಡಿಕೊಳ್ಳುತ್ತಾನೆ ಎಂದರು.

ನಿನ್ನ ಅಪ್ಪನ ಬೋರು ಈಗ ಎಷ್ಟು ಅಡಿ? ಬರೆ.

ಇಂತಿ ನಿನ್ನ,
ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಡದವನು