ಮಗಳಿಗೊಂದು ಪತ್ರ: ಇನ್ನೂರು ಚೀಲಗಳು

ಕಲಬುರಗಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ನಗುತ್ತ ಕೇಳಿದ ಮಾತು ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ. ಬೆಂಗಳೂರಿನ ನಿನ್ನ ಮನೆಯ ಎದುರು ಬಾಗಿಲಿನ ಆ ಸಂಶೋಧಕ ಹುಡುಗ ನೀನು ಲಿಫ್ಟಿನಲ್ಲಿರುವುದನ್ನು ಕಂಡರೆ ಮೆಟ್ಟಿಲು ಹಿಡಿದು ನಾಲ್ಕು ಮಹಡಿ ಇಳಿಯುತ್ತಾನೆಂದೂ, ನಿನಗೆ ಜ್ವರ ಬಂದ ವಾರದಲ್ಲಿ ಮಾತ್ರ ದಿನವೂ ಬಾಗಿಲ ಹಿಡಿಕೆಗೆ ಎಳನೀರಿನ ಚೀಲ ತೂಗುಹಾಕಿ ಸದ್ದಿಲ್ಲದೆ ಹೋದನೆಂದೂ ಹೇಳಿದೆ. ಕೊನೆಗೆ, "ಅವ್ವಾ, ಅಪ್ಪಾನೂ ಹಿಂಗೇ ಇದ್ರಲ್ಲ, ಲಗ್ನ ಆದಮ್ಯಾಲೆ ಸುಧಾರಿಸಿದ್ರಲ್ಲ" ಎಂದೆ. ನಾನು "ಹ್ಞೂಂ" ಎಂದುಬಿಟ್ಟೆ. ಅದು ಪೂರ್ತಿ ನಿಜವಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಅಪ್ಪ ಹಾಸನದ ಕಡೆಯಿಂದ ನಮ್ಮ ಓಣಿಗೆ ಬಾಡಿಗೆಗೆ ಬಂದದ್ದು 1993ರ ಬೇಸಿಗೆಯಲ್ಲಿ. ಊರಿಗೆ ಆಗ ಗುಲ್ಬರ್ಗ ಎಂದೇ ಹೆಸರು. ತೊಗರಿ ಗಿಡವನ್ನು ಒಣಗಿಸುವ ನೆಟೆ ರೋಗದ ಮೇಲೆ ಕೆಲಸ ಮಾಡಲು ಬಂದ ವಿಜ್ಞಾನಿ ಎಂಬುದನ್ನು ಬಿಟ್ಟರೆ ಅವರ ಬಗ್ಗೆ ಓಣಿಗೆ ಏನೂ ತಿಳಿದಿರಲಿಲ್ಲ. ನನಗೋ ತಿಳಿಯದ ಮನೆಯೇ ಇರಲಿಲ್ಲ. ಶರಣಬಸಪ್ಪನ ತೇರಿಗೆ ಯಾರ ಮನೆಗೆ ಯಾರು ಬಂದಿದ್ದಾರೆ, ಬಂದೇನವಾಜರ ಉರುಸಿಗೆ ಯಾವ ಗೆಳತಿಯ ಜೊತೆ ಹೋಗುವುದು, ಎಲ್ಲದರ ಲೆಕ್ಕ ನನ್ನ ಬಳಿ ಇತ್ತು. ಹೊಲಿಗೆ ಯಂತ್ರದ ಮುಂದೆ ಕೂತವಳ ಬಾಯಿ ಯಂತ್ರಕ್ಕಿಂತ ಜೋರು ಎಂದು ನಿನ್ನ ಅಜ್ಜ ಹೇಳುತ್ತಿದ್ದರು.

ಆ ದಸರೆಯ ಸಂಜೆ ನಾನೇ ಅವರ ಬಾಗಿಲು ತಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎಂದು ಎಲೆ ಕೊಟ್ಟೆ. ಅವರು ಅದನ್ನು ದೀಪದ ಬೆಳಕಿಗೆ ಹಿಡಿದು, ಎರಡು ಭಾಗವಾಗಿ ಸೀಳಿದಂತಿರುವ ಈ ಎಲೆ ಬೌಹಿನಿಯಾ ರೆಸಿಮೋಸಾ ಎಂದೂ, ತಮ್ಮ ಕಡೆ ಬನ್ನಿ ಎನ್ನುವುದು ಸಣ್ಣ ಎಲೆಯ ಪ್ರೊಸೊಪಿಸ್ ಸಿನರೇರಿಯಾ ಎಂದೂ ನೆಲ ನೋಡಿಕೊಂಡು ಹೇಳಿ ಬಾಗಿಲು ಹಾಕಿಕೊಂಡರು. ಅವಮಾನವಾಗಬೇಕಿತ್ತು, ನನಗೆ ನಗು ಬಂತು. ಮರುದಿನ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಆ ಎರಡೂ ಗಿಡದ ಎಲೆಗಳು ಒಂದು ಕಲ್ಲಿನ ಕೆಳಗೆ ಒಟ್ಟಿಗೆ ಇದ್ದವು.

ಮರುವಾರ ಅವರೇ ಬಂದರು. ತೊಗರಿಯ ಹೂವಿಗೆ ಜೇನ್ನೊಣ ಕೂತರೆ ಪಕ್ಕದ ಗಿಡದ ಪರಾಗ ಬೆರೆತು ತಳಿಯ ಶುದ್ಧತೆ ಕೆಡುವುದರಿಂದ, ಮೊಗ್ಗಿರುವಾಗಲೇ ಟೊಂಗೆಗೆ ತೆಳು ಬಟ್ಟೆಯ ಚೀಲ ಕಟ್ಟಬೇಕಂತೆ. ಅಂಥ 200 ಚೀಲ ಬೇಕೆಂದರು. ನನ್ನನ್ನು ನೋಡಲು ಹೂಡಿದ ನೆಪವೆಂದು ನಾನು ಒಳಗೊಳಗೇ ಹಿಗ್ಗಿದೆ. ನೆಪವಲ್ಲ, ಅವರಿಗೆ ನಿಜವಾಗಿಯೂ ಚೀಲಗಳೇ ಬೇಕಿದ್ದವು. ಪ್ರತಿ ಚೀಲದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು, ಒಂದೆರಡನ್ನು ಮರಳಿಸಿದರು ಕೂಡ.

ಎಳ್ಳ ಅಮಾವಾಸ್ಯೆಗೆ ಓಣಿಯ ಹತ್ತು ಮಂದಿಯ ಜೊತೆ ಅವರನ್ನೂ ನಮ್ಮ ಹೊಲಕ್ಕೆ ಕರೆದೊಯ್ದೆವು. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ಕಡುಬು, ಭಜ್ಜಿ ಪಲ್ಯದ ಊಟ ಮುಗಿಯುವ ತನಕ ತುಟಿ ಬಿಚ್ಚದ ಮನುಷ್ಯ, ಅಲ್ಲಲ್ಲಿ ಗುಂಪಾಗಿ ಒಣಗಿದ್ದ ತೊಗರಿಯನ್ನು ಕಂಡವರೇ ಒಂದು ಗಿಡ ಕಿತ್ತು, ಚಾಕುವಿನಿಂದ ಕಾಂಡವನ್ನು ಸೀಳಿ, ಒಳಗಿನ ಕಪ್ಪು ಗೆರೆಯನ್ನು ನಿನ್ನ ಅಜ್ಜನಿಗೆ ತೋರಿಸಿದರು. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹತ್ತಿ ನೀರಿನ ದಾರಿಯನ್ನೇ ಕಟ್ಟುತ್ತದೆ, ಕೊಯ್ಲಾದ ಮೇಲೂ ಕೂಳೆಯಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಹಾಗಾಗಿ ಈ ತುಣುಕಿನಲ್ಲಿ ಎರಡು ಮೂರು ವರ್ಷ ಜೋಳ ಹಾಕಿ, ಆಮೇಲೆ ತೊಗರಿಗೆ ಮಾರುತಿಯಂಥ ರೋಗ ತಡೆಯುವ ತಳಿ ನೋಡಿ ಎಂದು ಹತ್ತು ನಿಮಿಷ ಎಡೆಬಿಡದೆ ವಿವರಿಸಿದರು. ಸಂಶೋಧನೆಗೆಂದು ತಾವು ಒಂದು ಮಡಿಯಲ್ಲಿ ಬೇಕೆಂದೇ ಈ ರೋಗವನ್ನು ಸಾಕಿದ್ದಾಗಿಯೂ, ಅಲ್ಲಿ ಸಾಯದೆ ಉಳಿದ ಗಿಡದ ಬೀಜವನ್ನೇ ಆರಿಸಿಕೊಳ್ಳುವುದಾಗಿಯೂ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಮರಳುವ ದಾರಿಯಲ್ಲಿ ನಾನೇ ಕೇಳಿದೆ: "ನಾ ನಿಮ್ಮನ್ನ ಲಗ್ನ ಆಗಬೇಕಂತ ಮಾಡೀನಿ, ನೀವೇನಂತೀರಿ?" ಅವರು ಬಹಳ ಹೊತ್ತು ನಡೆದರು. ಆಮೇಲೆ, "ನಾನು ಸುಮ್ನಿರೋದು ನಿಮಗೆ ಈಗ ಹೊಸದು. ಹಳೇದಾದ್ಮೇಲೆ ಏನ್ ಮಾಡ್ತೀರಾ?" ಎಂದರು. ನಾನು ನಕ್ಕುಬಿಟ್ಟೆ. ಎರಡೂ ಮನೆಯವರು ಒಪ್ಪಲು ಒಂದು ವರ್ಷ ಹಿಡಿಯಿತು. ಆ ಕಥೆಯನ್ನು ನಿನ್ನ ಸಣ್ಣವ್ವ ನನಗಿಂತ ಚೆನ್ನಾಗಿ ಹೇಳುತ್ತಾಳೆ.

ಅವರ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಐದಾರು ವರ್ಷಗಳಲ್ಲಿ ಆ ಮೌನ ಹಳೆಯದಾಯಿತು. ನಿನ್ನ ಹೆಸರಿಡುವ ದಿನ ಮನೆ ತುಂಬ ಜನ ಸೇರಿದ್ದಾಗ ಅವರು ಮಾಳಿಗೆ ಹತ್ತಿ ಕೂತರು, ಬಂದವರಿಗೆಲ್ಲ ನಾನು ಸುಳ್ಳು ಕಾರಣ ಹೇಳಿದೆ. ನಿನ್ನ ಅಜ್ಜ ತೀರಿಕೊಂಡಾಗ ಹನ್ನೊಂದು ದಿನವೂ ನೀರು ತಂದರು, ಹಾಸಿಗೆ ಹಾಸಿದರು, ಆದರೆ ನನಗೆ ಒಂದು ಮಾತನ್ನೂ ಹೇಳಲಿಲ್ಲ. ಹನ್ನೆರಡನೆಯ ದಿನ ನಾನು ಅರಚಿದೆ. "ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ, ನೀನೇ ಹೇಳ್ಕೊಡು" ಎಂದರು. ದುಃಖದಲ್ಲಿರುವವಳೇ ಪಾಠವನ್ನೂ ಹೇಳಬೇಕೇ ಎಂದು ಇನ್ನಷ್ಟು ಸಿಟ್ಟು ಬಂತು, ಈಗಲೂ ಸ್ವಲ್ಪ ಬರುತ್ತದೆ. ಆದರೂ ಹೇಳಿಕೊಟ್ಟೆ. ಅಂದಿನಿಂದ ಪ್ರತಿ ಸಂಜೆ "ಇವತ್ತು ಏನೇನಾಯ್ತು?" ಎಂದು ಕೇಳುತ್ತಾರೆ. ಮೊದಲ ವರ್ಷ ಅದು ಶಾಲೆಯ ಹಾಜರಿಯಂತೆ ಕೇಳಿಸುತ್ತಿತ್ತು. ಈಗ ನನ್ನ ಗೆಳತಿಯರ ಸೊಸೆಯಂದಿರ ಹೆಸರು ಅವರಿಗೆ ನನಗಿಂತ ಚೆನ್ನಾಗಿ ನೆನಪಿವೆ.

ನನ್ನ ತಪ್ಪೂ ಒಂದಿದೆ. ಯಾರಾದರೂ ಅವರನ್ನು ಏನಾದರೂ ಕೇಳಿದರೆ ಅವರು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟಿರುತ್ತಿದ್ದೆ. ಅದನ್ನು ನಾನು ಸಹಾಯವೆಂದು ತಿಳಿದಿದ್ದೆ.

ಆದ್ದರಿಂದ "ಸುಧಾರಿಸಿದರು" ಎಂಬ ಮಾತು ಇಲ್ಲಿ ಹೊಂದುವುದಿಲ್ಲ. 2019ರಲ್ಲಿ ನಮ್ಮ ತೊಗರಿಗೆ ಈ ನೆಲದ ಬೆಳೆಯೆಂದು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಓಣಿಯವರು ಪೇಡೆ ಹಿಡಿದು ಬಂದರೆ, ಈ ಮನುಷ್ಯ ಮತ್ತೆ ಮಾಳಿಗೆಯ ಮೇಲೆಯೇ ಇದ್ದರು. ಎಳನೀರು ತಂದಿಟ್ಟವನು ಒಳ್ಳೆಯವನಿರಬಹುದು, ನನಗೂ ಅವನ ಮೇಲೆ ಅಕ್ಕರೆ ಹುಟ್ಟಿದೆ. ಆದರೆ ಅವನನ್ನು ಮಾತಾಡಿಸಿಯೇ ತೀರುತ್ತೇನೆಂಬ ಛಲದಿಂದ ಹೋಗಬೇಡ. ಅವನು ಲಿಫ್ಟು ಬಿಟ್ಟು ಇಳಿಯುವುದರಿಂದ ನಿನಗೆ ನೋವಾಗುತ್ತದೆಯಾದರೆ ಅದನ್ನು ನೇರವಾಗಿ ಅವನಿಗೆ ಹೇಳು, ಹೇಳಿದ ಮೇಲೆ ಒಂದು ತಿಂಗಳು ಅವನು ಏನು ಮಾಡುತ್ತಾನೆಂದು ನೋಡು.

ಈ ಎಳ್ಳ ಅಮಾವಾಸ್ಯೆಗೆ ಅವನನ್ನೂ ಕರೆದುಕೊಂಡು ಬಾ. ಸ್ಟೇಷನ್ನಿಗೆ ತಾವೇ ಬರುವುದಾಗಿ ನಿನ್ನ ಅಪ್ಪ ಹೇಳಿದ್ದಾರೆ. ಪತ್ರವನ್ನು ಅವರಿಗೆ ಓದಲು ಕೊಟ್ಟಿದ್ದೆ. ಎರಡು ಸಲ ಓದಿ, ಒಂದೇ ತಿದ್ದುಪಡಿ ಹೇಳಿದರು. ಚೀಲಗಳು 200 ಅಲ್ಲವಂತೆ, 240.

ನಿನ್ನ ಅವ್ವ